ಥಾರ್‌ಗೆ ಮನೆಯಲ್ಲೇ ವಿನೈಲ್ ಹೊದಿಕೆ: ಮೊದಲ ತೊಳೆತದಿಂದ ಕೊನೆಯ ಬಿಸಿಯವರೆಗೆ

ಕನಕಪುರ, ಮಾಗಡಿ ಕಡೆಯ ಮಣ್ಣುದಾರಿಗೆ ನಾಲ್ಕು ಸಲ ಹೋಗಿ ಬಂದರೆ ಸಾಕು. ಲಂಟಾನ ಪೊದೆ, ಜಾಲಿ ಮುಳ್ಳು ಬಾಗಿಲ ಉದ್ದಕ್ಕೂ ಗೀರು ಎಳೆದಿರುತ್ತವೆ. ನನ್ನ ಬೂದು ಬಣ್ಣದ ಮಹೀಂದ್ರ ಥಾರ್ ಜೀಪಿಗೂ ಹಾಗೇ ಆಯಿತು. ಪೇಂಟ್ ಮಾಡಿಸಿದರೆ ಮುಂದಿನ ಟ್ರಿಪ್‌ನಲ್ಲಿ ಮತ್ತೆ ಗೀರು. ಹಾಗಾಗಿ ಪೇಂಟ್ ಮೇಲೆ ವಿನೈಲ್, ಅಂದರೆ ಹಿಂಬದಿಗೆ ಅಂಟು ಇರುವ ತೆಳು ಪ್ಲಾಸ್ಟಿಕ್ ಹಾಳೆ, ಹೊದಿಸೋಣ ಅಂದುಕೊಂಡೆ. ಬೆಂಗಳೂರಿನ ರಾಜಾಜಿನಗರದ ನಮ್ಮ ಮನೆಯ ಕಾರ್ ಶೆಡ್‌ನಲ್ಲಿ, ಪಕ್ಕದ ಮನೆಯ ಹುಡುಗನನ್ನು ಜೊತೆಗೆ ಕರೆದುಕೊಂಡು, ಐದು ವಾರಾಂತ್ಯಗಳಲ್ಲಿ ಕೆಲಸ ಮುಗಿಸಿದೆ. ಜಿಮ್ನಿ, ಗೂರ್ಖಾ, ಬೊಲೆರೊ ಯಾವುದೇ ಇರಲಿ, ವಿಧಾನ ಇದೇ.

ನನ್ನ ಮೊದಲ ಪ್ರಯತ್ನ ಕೆಟ್ಟಿತ್ತು. ಅಗ್ಗದ ಹಾಳೆ ತಂದು ಬಾಗಿಲಿಗೆ ಬಿಗಿಯಾಗಿ ಎಳೆದು ಅಂಟಿಸಿದ್ದೆ. ಆ ದಿನ ಕನ್ನಡಿಯ ಹಾಗೆ ಕಂಡಿತು. ವಾರ ಕಳೆಯುವಷ್ಟರಲ್ಲಿ ಹಿಡಿಕೆಯ ಹಿಂದಿನ ತಗ್ಗಿನಲ್ಲಿ ಎದ್ದು ನಿಂತಿತು, ಅಂಚುಗಳು ಹಿಂದಕ್ಕೆ ಸರಿದವು. ಜೆ.ಸಿ. ರಸ್ತೆಯಲ್ಲಿ ವರ್ಷಗಳಿಂದ ಸ್ಟಿಕ್ಕರ್ ಕೆಲಸ ಮಾಡುವ ಒಬ್ಬರಿಗೆ ಅದನ್ನು ತೋರಿಸಿದೆ. ಅವರು ಕೈಯಿಂದ ಸವರಿ ನೋಡಿ, "ಸಾರ್, ಎಳೀಬೇಡಿ, ಕೂರ್ಸಿ" ಅಂದರು. ಆ ಮಾತಿನ ಅರ್ಥ ಎರಡನೇ ಸಲ ಕೆಲಸ ಮಾಡುವಾಗ ಗೊತ್ತಾಯಿತು. ವಿನೈಲ್‌ಗೆ ನೆನಪಿದೆ. ಎಳೆದರೆ ಹಿಗ್ಗುತ್ತದೆ, ಆದರೆ ತನ್ನ ಹಳೆಯ ಆಕಾರಕ್ಕೆ ವಾಪಸ್ ಹೋಗಲು ಕಾಯುತ್ತಲೇ ಇರುತ್ತದೆ. ಮುಂದೆ ಹೇಳುವ ಹೆಚ್ಚಿನ ಕೆಲಸ ಈ ನೆನಪಿಗೆ ಸಂಬಂಧಿಸಿದ್ದು.

ಯಾವ ಹಾಳೆ ತರಬೇಕು

ಅಂಗಡಿಯಲ್ಲಿ ಎರಡು ಜಾತಿಯ ವಿನೈಲ್ ಸಿಗುತ್ತದೆ. ಒಂದು ಕ್ಯಾಲೆಂಡರ್ಡ್. ಇದನ್ನು ಬಿಸಿ ರೋಲರ್‌ಗಳ ನಡುವೆ ಹಿಟ್ಟು ಲಟ್ಟಿಸಿದ ಹಾಗೆ ಒತ್ತಿ ತೆಗೆದಿರುತ್ತಾರೆ. ಆ ಒತ್ತಡ ಹಾಳೆಯೊಳಗೆ ಉಳಿದುಬಿಡುತ್ತದೆ. ಬಿಸಿಲು ಬಿದ್ದಾಗ ಅದು ಕುಗ್ಗಲು ನೋಡುತ್ತದೆ. ಇನ್ನೊಂದು ಕಾಸ್ಟ್. ಇದನ್ನು ದ್ರವವಾಗಿ ಹರಡಿ ಒಣಗಿಸಿ ಮಾಡುತ್ತಾರೆ. ಒಳಗೆ ಎಳೆತ ಇರುವುದಿಲ್ಲ, ಹಾಳೆಯೂ ತೆಳು, ಉಬ್ಬು ತಗ್ಗುಗಳಿಗೆ ಚೆನ್ನಾಗಿ ಬಾಗುತ್ತದೆ. ಗಾಡಿಗೆ ಕಾಸ್ಟ್ ಹಾಳೆಯನ್ನೇ ತನ್ನಿ. ಇಲ್ಲಿ ದುಡ್ಡು ಉಳಿಸಲು ಹೋಗಬೇಡಿ. 3ಎಂ ಕಂಪನಿಯ 2080 ಸರಣಿ, ಏವರಿ ಡೆನಿಸನ್‌ನ ಎಸ್‌ಡಬ್ಲ್ಯು 900 ಇವೆರಡೂ ಕಾಸ್ಟ್. ಅಂಟಿನ ಪದರದಲ್ಲಿ ಗಾಳಿ ಹೊರಹೋಗಲು ಸಣ್ಣ ಕಾಲುವೆಗಳಿರುತ್ತವೆ. ಹೊಸಬರಿಗೆ ಈ ಕಾಲುವೆಗಳು ದೊಡ್ಡ ಆಸರೆ.

ಮುಕ್ತಾಯದ ಬಗ್ಗೆ ನನ್ನ ಸಲಹೆ ಸ್ಯಾಟಿನ್, ಅಂದರೆ ಹದವಾದ ಹೊಳಪು. ಹೊಳೆಯುವ ಹಾಳೆಯಲ್ಲಿ ಸಾಸಿವೆಗಿಂತ ಸಣ್ಣ ಧೂಳಿನ ಕಣವೂ ಮೊಡವೆಯ ಹಾಗೆ ಎದ್ದು ಕಾಣುತ್ತದೆ. ಹೊಳಪಿಲ್ಲದ ಮ್ಯಾಟ್ ಚೆಂದ, ಆದರೆ ಗೀರು ಬಿದ್ದರೆ ಪಾಲಿಶ್ ಮಾಡಿ ಸರಿಪಡಿಸಲು ಆಗುವುದಿಲ್ಲ. ಕ್ರೋಮ್ ಹಾಳೆಯನ್ನು ಮೊದಲ ಸಲ ಮುಟ್ಟಲೇಬೇಡಿ.

ರೋಲ್ ಅಗಲ ಸಾಮಾನ್ಯವಾಗಿ 1.52 ಮೀಟರ್. ಬಾಗಿಲು, ಬಾನೆಟ್ ಹೀಗೆ ಒಂದೊಂದು ಪ್ಯಾನೆಲ್‌ನ ಉದ್ದ ಅಗಲ ಅಳೆದು, ಎಲ್ಲ ಕಡೆ 8 ರಿಂದ 10 ಸೆಂಟಿಮೀಟರ್ ಸೇರಿಸಿ ಲೆಕ್ಕ ಹಾಕಿ. ಅದರ ಮೇಲೆ ಕನಿಷ್ಠ 2 ಮೀಟರ್ ಜಾಸ್ತಿ ತೆಗೆದುಕೊಳ್ಳಿ. ಪೂರ್ತಿ ಹಾಳೆಯನ್ನು ಒಂದೇ ಸಲ, ಒಂದೇ ಬ್ಯಾಚ್‌ನಿಂದ ಕೊಳ್ಳಿ. ಬ್ಯಾಚ್ ಬದಲಾದರೆ ಬಣ್ಣದಲ್ಲಿ ಸಣ್ಣ ವ್ಯತ್ಯಾಸ ಬರಬಹುದು. ಬಾಗಿಲ ಪಕ್ಕದಲ್ಲೇ ಫೆಂಡರ್ (ಚಕ್ರದ ಮೇಲಿನ ತಗಡು) ಇರುವಾಗ ಅದು ಕಣ್ಣಿಗೆ ಹೊಡೆಯುತ್ತದೆ.

ಇನ್ನೊಂದು ವಿಷಯ ಸ್ಪಷ್ಟವಾಗಿರಲಿ. ವಿನೈಲ್ ಮುಳ್ಳಿನ ಗೀರನ್ನು ತಾನು ತೆಗೆದುಕೊಂಡು ಪೇಂಟ್ ಉಳಿಸುತ್ತದೆ. ಕಲ್ಲೇಟು ತಡೆಯುವುದಿಲ್ಲ. ಅದಕ್ಕೆ ಪಿಪಿಎಫ್ ಅನ್ನುವ ದಪ್ಪ ಪಾರದರ್ಶಕ ಹಾಳೆ ಬೇರೆಯೇ ಇದೆ.

ಬಣ್ಣ ಮತ್ತು ಆರ್‌ಸಿ

ಆರ್‌ಸಿಯಲ್ಲಿ ಗಾಡಿಯ ಬಣ್ಣ ಬರೆದಿರುತ್ತದೆ. ಇಡೀ ಗಾಡಿಯ ಬಣ್ಣ ಬದಲಾಗುವುದಾದರೆ ಅದನ್ನು ಆರ್‌ಟಿಒದಲ್ಲಿ ದಾಖಲಿಸಬೇಕು. ಹಾಳೆ ಕೊಳ್ಳುವ ಮೊದಲೇ ನಿಮ್ಮ ಆರ್‌ಟಿಒದಲ್ಲಿ ವಿಚಾರಿಸಿ, ವಿಮೆ ಕಂಪನಿಗೂ ತಿಳಿಸಿ. ನಾನು ಆರ್‌ಸಿಯಲ್ಲಿರುವ ಬೂದು ಬಣ್ಣವನ್ನೇ ಸ್ಯಾಟಿನ್‌ನಲ್ಲಿ ತಂದೆ.

ಜೀಪ್ ಜಾತಿಯ ಗಾಡಿ ಇರುವವರಲ್ಲಿ ಅನೇಕರಿಗೆ ಮಿಲಿಟರಿ ಹಸಿರಿನ ಆಸೆ. ದಯವಿಟ್ಟು ಬೇಡ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 121ನೇ ನಿಯಮದ ಪ್ರಕಾರ ಆಲಿವ್ ಹಸಿರು ರಕ್ಷಣಾ ಇಲಾಖೆಯ ಗಾಡಿಗಳಿಗೆ ಮಾತ್ರ.

ಜಾಗ, ಹೊತ್ತು, ಸಾಮಾನು

ಬೆಂಗಳೂರಿನಲ್ಲಿ ಈ ಕೆಲಸಕ್ಕೆ ಒಳ್ಳೆಯ ಕಾಲ ಡಿಸೆಂಬರ್‌ನಿಂದ ಫೆಬ್ರವರಿ. ಹಾಳೆಗೂ ಅಂಟಿಗೂ 18 ರಿಂದ 25 ಡಿಗ್ರಿ ಹಿತ. ಬೆಳಗಿನ ಚಳಿಯಲ್ಲಿ ಹಾಳೆ ಬಿರುಸಾಗಿರುತ್ತದೆ. ಏಪ್ರಿಲ್ ಮಧ್ಯಾಹ್ನದಲ್ಲಿ ಅಂಟು ಮುಟ್ಟಿದ ತಕ್ಷಣ ಹಿಡಿದುಕೊಳ್ಳುತ್ತದೆ, ಎತ್ತಿ ಮತ್ತೆ ಕೂರಿಸಲು ಬಿಡುವುದಿಲ್ಲ. ನಾವು ಬೆಳಿಗ್ಗೆ 9ಕ್ಕೆ ಶುರು ಮಾಡಿ ಮಧ್ಯಾಹ್ನ 1ಕ್ಕೆ ನಿಲ್ಲಿಸುತ್ತಿದ್ದೆವು.

ನಮ್ಮ ಊರಿನಲ್ಲಿ ದೊಡ್ಡ ಶತ್ರು ಧೂಳು. ಯಾವ ಬೀದಿಯಲ್ಲಿ ನೋಡಿದರೂ ಒಂದು ಕಟ್ಟಡ ಏಳುತ್ತಿರುತ್ತದೆ, ಅಲ್ವಾ? ಶೆಡ್‌ನ ತೆರೆದ ಕಡೆಗೆ ಹಳೆಯ ಬೆಡ್‌ಶೀಟ್ ಒದ್ದೆ ಮಾಡಿ ಇಳಿಬಿಡಿ. ನೆಲಕ್ಕೆ ನೀರು ಚಿಮುಕಿಸಿ. ಫ್ಯಾನ್ ಹಾಕಬೇಡಿ. ಅಪಾರ್ಟ್‌ಮೆಂಟ್ ಬೇಸ್‌ಮೆಂಟ್ ಆದರೆ ಗಾಡಿಗಳ ಓಡಾಟ ಕಡಿಮೆ ಇರುವ ಭಾನುವಾರ ಬೆಳಿಗ್ಗೆ ಆರಿಸಿಕೊಳ್ಳಿ.

ಸಾಮಾನು ಬಹಳ ಬೇಕಿಲ್ಲ. ಬಿಸಿ ಗಾಳಿ ಊದುವ ಹೀಟ್ ಗನ್, ದೂರದಿಂದಲೇ ಶಾಖ ಅಳೆಯುವ ಇನ್‌ಫ್ರಾರೆಡ್ ಥರ್ಮಾಮೀಟರ್, ಅಂಚಿಗೆ ಬಟ್ಟೆ ಇರುವ ಎರಡು ಸ್ಕ್ವೀಜಿ (ಹಾಳೆ ಒತ್ತಿ ಕೂರಿಸುವ ಚಪ್ಪಟೆ ಪಟ್ಟಿ), ಮುರಿದು ಹೊಸ ಮೊನೆ ತೆಗೆಯಬಹುದಾದ ಕಟರ್, ಬ್ಲೇಡ್ ಇಲ್ಲದೆ ಹಾಳೆ ಕತ್ತರಿಸುವ ನೈಫ್‌ಲೆಸ್ ಟೇಪ್, ನಾಲ್ಕಾರು ಮ್ಯಾಗ್ನೆಟ್, ನೂಲು ಬಿಡದ ತೆಳು ಕೈಗವಸು, ಹೊಸ ಮೈಕ್ರೋಫೈಬರ್ ಬಟ್ಟೆಗಳು, ಐಸೊಪ್ರೊಪೈಲ್ ಆಲ್ಕೋಹಾಲ್. ಹೀಟ್ ಗನ್, ಥರ್ಮಾಮೀಟರ್ ಎಸ್.ಪಿ. ರಸ್ತೆಯಲ್ಲಿ ಸಿಗುತ್ತವೆ. 2000 ವ್ಯಾಟ್‌ನ ಹೀಟ್ ಗನ್ 8 ಆಂಪಿಯರ್‌ಗಿಂತ ಜಾಸ್ತಿ ಎಳೆಯುತ್ತದೆ. ಹಾಗಾಗಿ ಗೀಸರ್‌ಗೆ ಇರುವಂಥ 16 ಆಂಪಿಯರ್ ಸಾಕೆಟ್, ದಪ್ಪ ವೈರಿನ ಎಕ್ಸ್‌ಟೆನ್ಷನ್ ಬೇಕೇ ಬೇಕು. ಟಿವಿಗೆ ಹಾಕುವ ತೆಳು ಎಕ್ಸ್‌ಟೆನ್ಷನ್ ಕರಗಿಹೋಗುತ್ತದೆ.

ತೊಳೆಯುವುದೇ ಅರ್ಧ ಕೆಲಸ

ಪೇಟೆಯ ಕಾರಿಗೂ ಮಣ್ಣಿನ ಗಾಡಿಗೂ ಇರುವ ವ್ಯತ್ಯಾಸ ಇಲ್ಲಿದೆ. ನಮ್ಮ ಗಾಡಿಗಳಲ್ಲಿ ಕೆಂಪುಮಣ್ಣು ಕಾಣದ ಜಾಗದಲ್ಲಿ ಕೂತಿರುತ್ತದೆ. ಬಾಗಿಲಿನ ಕೀಲು, ರಬ್ಬರ್ ಬೀಡಿಂಗ್‌ನ ಒಳಗೆ, ಬಾನೆಟ್ ಅಂಚಿನ ಮಡಿಕೆ, ಚಕ್ರದ ಮೇಲಿನ ಪ್ಲಾಸ್ಟಿಕ್‌ನ ಹಿಂದೆ. ಹಾಳೆಯ ಅಂಚು ಕೂರುವುದೂ ಅಲ್ಲೇ. ಮೇಲೆ ಎಷ್ಟು ಹೊಳೆದರೂ ಅಂಚಿನಲ್ಲಿ ಮಣ್ಣಿದ್ದರೆ ಹೊದಿಕೆ ಅಲ್ಲಿಂದಲೇ ಬಿಡಲು ಶುರುವಾಗುತ್ತದೆ.

ಹಾಗಾಗಿ ಎರಡು ದಿನ ಇಟ್ಟುಕೊಳ್ಳಿ. ಮೊದಲ ದಿನ ಪ್ರೆಷರ್ ವಾಶ್. ಬಾಗಿಲು, ಬಾನೆಟ್, ಹಿಂಬಾಗಿಲು ಎಲ್ಲ ತೆರೆದು ಅಂಚುಗಳನ್ನು ಹಳೆಯ ಟೂತ್ ಬ್ರಷ್‌ನಿಂದ ಉಜ್ಜಿ. ಕಾರ್ ಶಾಂಪೂ ಹಾಕಿ ತೊಳೆಯಿರಿ. ಆಮೇಲೆ ಪೇಂಟಿಗೆ ಅಂಟಿದ ಕೊಳೆ ತೆಗೆಯುವ ಜೇಡಿಯಂಥ ಮೆತ್ತನೆ ತುಂಡು, ಕ್ಲೇ ಬಾರ್, ಸವರಿ. ಕೈಗೆ ಪ್ಲಾಸ್ಟಿಕ್ ಕವರ್ ಹಾಕಿಕೊಂಡು ಪೇಂಟ್ ಮೇಲೆ ಬೆರಳಾಡಿಸಿದರೆ ಎಲ್ಲಿ ತರಿತರಿ ಇದೆ ಎಂದು ಗೊತ್ತಾಗುತ್ತದೆ. ಡಾಂಬರಿನ ಚುಕ್ಕೆ ತೆಗೆಯಲು ಸೀಮೆಎಣ್ಣೆ ಬಳಸಿದರೆ ಅದರ ಜಿಡ್ಡು ಉಳಿಯುತ್ತದೆ. ಮತ್ತೆ ಶಾಂಪೂವಿನಿಂದ ತೊಳೆಯಲೇಬೇಕು. ವ್ಯಾಕ್ಸ್, ಪಾಲಿಶ್, ಟೈರಿಗೆ ಹಚ್ಚುವ ಸಿಲಿಕೋನ್ ಸ್ಪ್ರೇ, ಇವು ಅಂಟಿಗೆ ವಿಷ. ಸೆರಾಮಿಕ್ ಕೋಟಿಂಗ್ ಮಾಡಿಸಿದ್ದರೆ ಅದನ್ನು ಮೊದಲು ಪಾಲಿಶಿಂಗ್ ಮಾಡಿ ತೆಗೆಸಿ.

ಕೊನೆಯ ನೀರು ಬೋರ್‌ವೆಲ್‌ದು ಬೇಡ. ಗಡಸು ನೀರು ಒಣಗಿದಾಗ ಬಿಳಿ ಉಪ್ಪಿನ ಪುಡಿ ಉಳಿಯುತ್ತದೆ. ಒಂದು ಕ್ಯಾನ್ ಕುಡಿಯುವ ನೀರು ಇದಕ್ಕೆ ಮೀಸಲಿಡಿ. ತೊಳೆದ ಮೇಲೆ ಒಂದು ರಾತ್ರಿ ಪೂರ್ತಿ ಒಣಗಲು ಬಿಡಿ. ಸಂದಿಯಲ್ಲಿ ಉಳಿದ ನೀರು ಹೀಟ್ ಗನ್ ಹಿಡಿದ ತಕ್ಷಣ ಹೊರಗೆ ಬಂದು ಹಾಳೆಯ ಕೆಳಗೆ ನುಗ್ಗುತ್ತದೆ.

ಹಾಳೆ ಅಂಟಿಸುವ ಮುಂಚೆ ಪ್ರತಿ ಪ್ಯಾನೆಲ್ ಅನ್ನೂ ಆಲ್ಕೋಹಾಲ್‌ನಿಂದ ಒರೆಸಿ. ಒಂದು ಬಟ್ಟೆಯಿಂದ ಹಚ್ಚಿ, ಇನ್ನೊಂದು ಒಣ ಬಟ್ಟೆಯಿಂದ ತೆಗೆಯಿರಿ. ಇದು ಬೆಂಕಿ ಹಿಡಿಯುವ ವಸ್ತು. ಪೂರ್ತಿ ಆರಿದ ಮೇಲೆಯೇ ಹೀಟ್ ಗನ್ ಹಚ್ಚಿ, ಬಾಟಲಿಯನ್ನು ದೂರ ಇಡಿ.

ಪೇಂಟ್ ಎದ್ದಿರುವ ಜಾಗ, ತುಕ್ಕು, ಡೆಂಟ್ ಇದ್ದರೆ ಮೊದಲು ಟಿಂಕರಿಂಗ್ ಮಾಡಿಸಿ. ಹಾಳೆ ತೆಳುವಾದ್ದರಿಂದ ಎಲ್ಲವನ್ನೂ ಎತ್ತಿ ತೋರಿಸುತ್ತದೆ. ಹೊಸದಾಗಿ ಪೇಂಟ್ ಮಾಡಿಸಿದ ಪ್ಯಾನೆಲ್ ಕನಿಷ್ಠ ನಾಲ್ಕು ವಾರ ಆರಲಿ.

ಬಿಚ್ಚಿ, ಕತ್ತರಿಸಿ

ಹಿಡಿಕೆ, ಕನ್ನಡಿ, ಇಂಡಿಕೇಟರ್, ಹೆಸರಿನ ಅಕ್ಷರಗಳು, ಬಿಚ್ಚಬಹುದಾದಷ್ಟನ್ನು ಬಿಚ್ಚಿ. ಸುತ್ತ ಕತ್ತರಿಸುವುದಕ್ಕಿಂತ ಬಿಚ್ಚಿ ಹಾಕುವುದು ಯಾವಾಗಲೂ ಚೆಂದ. ಬಿಚ್ಚುವ ಮುಂಚೆ ಫೋಟೊ ತೆಗೆಯಿರಿ, ಸ್ಕ್ರೂಗಳನ್ನು ಬೇರೆ ಬೇರೆ ಡಬ್ಬಿಯಲ್ಲಿ ಹೆಸರು ಬರೆದು ಇಡಿ. ಅಂಟಿಸಿದ ಅಕ್ಷರಗಳನ್ನು ಸ್ವಲ್ಪ ಬಿಸಿ ಮಾಡಿ, ನೈಲಾನ್ ದಾರವನ್ನು ಹಿಂದೆ ಗರಗಸದ ಹಾಗೆ ಆಡಿಸಿದರೆ ಬಿಡುತ್ತವೆ.

ಹಾಳೆ ಕತ್ತರಿಸುವಾಗ ಪ್ರತಿ ತುಂಡಿನ ಹಿಂದಿನ ಕಾಗದದ ಮೇಲೆ ಬಾಣದ ಗುರುತು ಹಾಕಿ. ಎಲ್ಲ ತುಂಡೂ ಒಂದೇ ದಿಕ್ಕಿಗೆ ಇರಬೇಕು. ಮಿನುಗು ಇರುವ ಹಾಳೆ ತಿರುಗಿದರೆ ಬೆಳಕಿನಲ್ಲಿ ಬೇರೆ ಬಣ್ಣದ ಹಾಗೆ ಕಾಣುತ್ತದೆ.

ಗುಜರಿ ಫೆಂಡರ್ ಮೇಲೆ ಅಭ್ಯಾಸ

ನೇರವಾಗಿ ಗಾಡಿಗೆ ಕೈ ಹಾಕಬೇಡಿ. ಶಿವಾಜಿನಗರದ ಗುಜರಿ ಅಂಗಡಿಗಳಲ್ಲಿ ಯಾವುದಾದರೂ ಹಳೆಯ ಫೆಂಡರ್ ತನ್ನಿ. ಜಾಸ್ತಿ ತಂದ 2 ಮೀಟರ್‌ನಲ್ಲಿ ಒಂದು ತುಂಡನ್ನು ಅದರ ಮೇಲೆ ಮೂರು ನಾಲ್ಕು ಸಲ ಅಂಟಿಸಿ, ಎತ್ತಿ, ಮತ್ತೆ ಅಂಟಿಸಿ. ಬೇಕೆಂದೇ ಸುಕ್ಕು ಮಾಡಿ, ಹೀಟ್ ಗನ್‌ನಿಂದ ಹದವಾಗಿ ಬಿಸಿ ತೋರಿಸಿ. ಸುಕ್ಕು ಕಣ್ಣೆದುರಿಗೇ ಮಾಯವಾಗುತ್ತದೆ. ಹಾಳೆಯ ನೆನಪು ಇಲ್ಲಿ ನಮ್ಮ ಪರವಾಗಿ ಕೆಲಸ ಮಾಡುತ್ತದೆ. ಅದನ್ನು ಒಮ್ಮೆ ನೋಡಿದರೆ ಅರ್ಧ ಭಯ ಹೋಗುತ್ತದೆ.

ಬಾಗಿಲು

ಗಾಡಿಯಲ್ಲಿ ಮೊದಲು ಬಾಗಿಲು ತೆಗೆದುಕೊಳ್ಳಿ. ಹೆಚ್ಚು ಭಾಗ ಚಪ್ಪಟೆ, ಆದರೆ ಕಲಿಯಬೇಕಾದ ಎಲ್ಲ ಇದರಲ್ಲೇ ಇದೆ.

ಕಾಗದ ತೆಗೆಯದೆ ಹಾಳೆಯನ್ನು ಮ್ಯಾಗ್ನೆಟ್‌ಗಳಿಂದ ಬಾಗಿಲಿಗೆ ನಿಲ್ಲಿಸಿ, ಎಲ್ಲ ಕಡೆ ಸಮ ಬಂದಿದೆಯಾ ನೋಡಿ. ಮೇಲಿನ ಮ್ಯಾಗ್ನೆಟ್‌ಗಳನ್ನು ಹಾಗೇ ಬಿಟ್ಟು, ಒಂದು ಬದಿಯಿಂದ ಕಾಗದ ಬಿಡಿಸಿ. ಈಗ ಇಬ್ಬರು ಬೇಕು. ಇಬ್ಬರೂ ಎದುರುಬದುರು ನಿಂತು, ಸೀರೆ ಮಡಚುವಾಗ ಹಿಡಿಯುವ ಹಾಗೆ ಮೂಲೆಗಳನ್ನು ಹಿಡಿಯಿರಿ. ಜೋತು ಬೀಳದಷ್ಟು ಬಿಗಿ ಸಾಕು. ಹಿಗ್ಗುವಷ್ಟು ಬೇಡ. ಹಾಳೆಯನ್ನು ಬಾಗಿಲ ಮೇಲೆ ಹಗುರವಾಗಿ ಮಲಗಿಸಿ. ಒತ್ತಬೇಡಿ.

ನಡುವಿನಿಂದ ಶುರು ಮಾಡಿ. ಸ್ಕ್ವೀಜಿಯನ್ನು ಸುಮಾರು 45 ಡಿಗ್ರಿ ಓರೆಯಾಗಿ ಹಿಡಿದು, ನಡುವಿನಿಂದ ಹೊರಕ್ಕೆ ಎಳೆಯಿರಿ. ಪ್ರತಿ ಎಳೆತವೂ ಹಿಂದಿನದರ ಅರ್ಧದ ಮೇಲೆ ಬರಲಿ. ಮುಂದೆ ಸುಕ್ಕು ಕಂಡರೆ ಅದರ ಮೇಲೆ ಸ್ಕ್ವೀಜಿ ಓಡಿಸಲೇಬೇಡಿ. ನಿಲ್ಲಿಸಿ, ಆ ಭಾಗವನ್ನು ನಿಧಾನವಾಗಿ ಎತ್ತಿ, ಹಗುರ ಬಿಸಿ ಕೊಟ್ಟು, ತಣ್ಣಗಾದ ಮೇಲೆ ಮತ್ತೆ ಮಲಗಿಸಿ. ನಾವು ಒಂದು ಬಾಗಿಲಿನಲ್ಲಿ ಹನ್ನೆರಡು ಸಲ ಎತ್ತಿದ್ದೇವೆ. ಅದರಲ್ಲಿ ನಾಚಿಕೆ ಏನಿಲ್ಲ.

ಬಾಗಿಲಿನಲ್ಲಿ ಓಡುವ ಗೆರೆ, ತಗ್ಗು ಬಂದಾಗ ಆ ತಗ್ಗಿನೊಳಗೆ ಮೊದಲು ಹಾಳೆಯನ್ನು ಕೈಗವಸಿನ ಬೆರಳಿನಿಂದ ಕೂರಿಸಿ, ಆಮೇಲೆ ಎರಡು ಪಕ್ಕ ಒತ್ತಿ. ಎರಡೂ ಪಕ್ಕ ಮೊದಲೇ ಅಂಟಿಬಿಟ್ಟರೆ ನಡುವೆ ಹಾಳೆ ಸೇತುವೆ ಕಟ್ಟುತ್ತದೆ. ಅದನ್ನು ಬಲವಂತವಾಗಿ ಒಳಗೆ ತಳ್ಳಿದರೆ ಹಿಗ್ಗಿ ಅಂಟುತ್ತದೆ, ಮತ್ತು ಮೊದಲ ಬಿಸಿಲಿಗೆ ಎದ್ದು ಬರುತ್ತದೆ. ನನ್ನ ಮೊದಲ ಪ್ರಯತ್ನ ಸೋತದ್ದು ಇಲ್ಲೇ.

ಹಿಡಿಕೆಯ ಹಿಂದಿನ ಗುಂಡಿ ಆಳವಿದ್ದರೆ ಒಂದೇ ತುಂಡಿನಲ್ಲಿ ಮಾಡುವ ಹಟ ಬೇಡ. ಗುಂಡಿಗೆ ಮಾತ್ರ ಬೇರೆ ತುಂಡು ಮೊದಲು ಅಂಟಿಸಿ. ಮೇಲಿನ ದೊಡ್ಡ ಹಾಳೆಯನ್ನು ಗುಂಡಿಯ ಅಂಚಿನೊಳಗೆ ಅರ್ಧ ಸೆಂಟಿಮೀಟರ್ ಹೋಗುವಂತೆ ಕತ್ತರಿಸಿ. ಹಿಡಿಕೆ ಕೂತ ಮೇಲೆ ಜೋಡಣೆ ಕಾಣುವುದಿಲ್ಲ. ಪಳಗಿದ ಕೆಲಸಗಾರರೂ ಹೀಗೆ ಮಾಡುತ್ತಾರೆ.

ಥಾರ್‌ನ ಬಾಗಿಲ ಕೀಲುಗಳು ಹೊರಗೇ ಇವೆ. ಬಾಗಿಲು ಬಿಚ್ಚಿದರೆ ಮತ್ತೆ ಸರಿಯಾಗಿ ಕೂರಿಸುವುದು ತಲೆನೋವು. ನಾನು ಬಿಚ್ಚಲಿಲ್ಲ. ಕೀಲಿನ ಸುತ್ತ ಮೊದಲು ನೈಫ್‌ಲೆಸ್ ಟೇಪ್ ಅಂಟಿಸಿ, ಮೇಲೆ ಹಾಳೆ ಕೂರಿಸಿ, ಟೇಪ್‌ನೊಳಗಿನ ಸಣ್ಣ ದಾರ ಎಳೆದೆ. ದಾರವೇ ಹಾಳೆಯನ್ನು ಕತ್ತರಿಸುತ್ತದೆ, ಪೇಂಟಿಗೆ ಬ್ಲೇಡ್ ತಾಗುವುದಿಲ್ಲ. ಪೇಂಟ್ ಮೇಲೆ ಬ್ಲೇಡ್ ಆಡಿಸುವುದು ನಿಜಕ್ಕೂ ಅಪಾಯ. ಕಣ್ಣಿಗೆ ಕಾಣದ ಗೀರಿನಲ್ಲಿ ಮಳೆಗಾಲದ ನೀರು ಇಳಿದು, ಹಾಳೆಯ ಕೆಳಗೇ ತುಕ್ಕು ಹಬ್ಬುತ್ತದೆ. ಬ್ಲೇಡ್ ಬಳಸಲೇಬೇಕಾದ ಕಡೆ ಪ್ರತಿ ಉದ್ದ ಕತ್ತರಿಕೆಗೂ ಹೊಸ ಮೊನೆ ಮುರಿದುಕೊಳ್ಳಿ, ಕೈಯ ಭಾರ ಹಾಕಬೇಡಿ.

ಅಂಚನ್ನು ಬಾಗಿಲಿನ ಒಳಬದಿಗೆ ಕನಿಷ್ಠ 1 ಸೆಂಟಿಮೀಟರ್ ಮಡಚಿ. ಮೂಲೆಯಲ್ಲಿ ಹಾಳೆ ಗುಂಪು ಕಟ್ಟಿದರೆ ಓರೆಯಾಗಿ ಒಂದು ಕಚ್ಚು ಹಾಕಿ, ಎರಡು ಬದಿ ಬೇರೆ ಬೇರೆ ಮಡಚಿ. ಉಳಿದ ಸಣ್ಣ ಗಾಳಿಗುಳ್ಳೆಯನ್ನು ಬೆರಳಿನಿಂದ ಒತ್ತಿದರೆ ಕಾಲುವೆಗಳ ಮೂಲಕ ಹೋಗುತ್ತದೆ. ಹೋಗದಿದ್ದರೆ ಸೂಜಿಯಿಂದ ಚುಚ್ಚಿ ಒತ್ತಿ. ಗುಳ್ಳೆಯೊಳಗೆ ಗಟ್ಟಿ ಚುಕ್ಕೆ ಸಿಕ್ಕರೆ ಅದು ಧೂಳು. ಎತ್ತಿ ತೆಗೆಯಲೇಬೇಕು.

ಬಾನೆಟ್ ಮತ್ತು ಉಳಿದದ್ದು

ಬಾನೆಟ್ ಅನ್ನು ಕೊನೆಗೆ ಇಟ್ಟುಕೊಳ್ಳಿ. ಡ್ರೈವರ್ ಸೀಟಿನಲ್ಲಿ ಕೂತರೆ ದಿನಾ ಕಣ್ಣಿಗೆ ಬೀಳುವುದು ಅದೇ. ಅಷ್ಟರಲ್ಲಿ ಕೈ ಪಳಗಿರುತ್ತದೆ. ಇಂಜಿನ್ ಹಿಂದಿನ ರಾತ್ರಿಯಿಂದ ತಣ್ಣಗಿರಬೇಕು. ವಾಷರ್ ನೀರಿನ ನಳಿಕೆಗಳನ್ನು ಬಿಚ್ಚಿ. ಹಾಳೆಯನ್ನು ನಾಲ್ಕು ಮೂಲೆಯಲ್ಲಿ ಹಿಡಿದು, ನಡುವಿನ ಎತ್ತರದ ಭಾಗದ ಮೇಲೆ ಇಳಿಸಿ, ಅಲ್ಲಿಂದ ಹೊರಕ್ಕೆ ಹೋಗಿ. ಮುಂದಿನ ಮೂಲೆಗಳಲ್ಲಿ ಸಮನಾಗಿ ಬಿಸಿ ಮಾಡಿ, ಅಂಗೈಯಿಂದ ಕೆಳಗೆ ಇಳಿಸಿ. ಗಾಳಿಗೆ ಎದುರಾಗುವ ಅಂಚು ಇದೇ. ಒಳಕ್ಕೆ 2 ಸೆಂಟಿಮೀಟರ್ ಮಡಚಿದರೆ ಒಳ್ಳೆಯದು.

ಚಕ್ರದ ಮೇಲಿನ ಕಪ್ಪು ಪ್ಲಾಸ್ಟಿಕ್, ತರಿತರಿ ಮೈಯ ಬಂಪರ್, ಒರಟು ಛಾವಣಿ ಇವಕ್ಕೆ ಹೊದಿಸಬೇಡಿ. ಒರಟು ಪ್ಲಾಸ್ಟಿಕ್‌ನಲ್ಲಿ ಅಂಟಿಗೆ ಹಿಡಿತ ಸಿಗುವುದಿಲ್ಲ. ಗಾಜು, ದೀಪ, ನಂಬರ್ ಪ್ಲೇಟ್ ಕೂಡ ಬಿಡಿ.

ಕೊನೆಯ ಬಿಸಿ

ತುಂಬ ಜನ ಬಿಟ್ಟುಬಿಡುವ ಹಂತ ಇದು. ಎಲ್ಲ ಅಂಟಿ ಚೆಂದ ಕಾಣುವಾಗ ಇನ್ನೇನು ಅನ್ನಿಸುತ್ತದೆ. ಆದರೆ ಬಾಗಿದ, ಮಡಚಿದ, ತಗ್ಗಿಗೆ ಇಳಿದ ಪ್ರತಿ ಜಾಗದಲ್ಲೂ ಹಾಳೆಗೆ ತನ್ನ ಹಳೆಯ ಆಕಾರ ಇನ್ನೂ ನೆನಪಿದೆ. ಆ ನೆನಪನ್ನು ಅಳಿಸಲು ಅಲ್ಲೆಲ್ಲ 90 ರಿಂದ 110 ಡಿಗ್ರಿ ಸೆಲ್ಸಿಯಸ್‌ವರೆಗೆ ಬಿಸಿ ಮಾಡಬೇಕು. ಹೀಟ್ ಗನ್ ನಿಲ್ಲಿಸದೆ ನಿಧಾನವಾಗಿ ಸಾಗಿಸುತ್ತಾ, ಹಿಂದೆಯೇ ಥರ್ಮಾಮೀಟರ್ ಹಿಡಿದು ಓದಿ. ಅಂದಾಜಿನ ಮೇಲೆ ಮಾಡಬೇಡಿ. ಕಡಿಮೆಯಾದರೆ ನೆನಪು ಉಳಿಯುತ್ತದೆ, ಜಾಸ್ತಿಯಾದರೆ ಸ್ಯಾಟಿನ್ ಹೊಳಪು ಸುಟ್ಟು ಕಲೆಯಾಗುತ್ತದೆ. ನಿಮ್ಮ ಹಾಳೆಯ ಕಂಪನಿ ಬೇರೆ ಅಂಕಿ ಕೊಟ್ಟಿದ್ದರೆ ಅದನ್ನೇ ಪಾಲಿಸಿ. ಬಿಸಿ ಮಾಡಿದ ಅಂಚನ್ನು ಮತ್ತೊಮ್ಮೆ ಬೆರಳಿನಿಂದ ಒತ್ತಿ. ಪೆಟ್ರೋಲ್ ಮುಚ್ಚಳದ ಸುತ್ತ ಈ ಕೆಲಸ ಮಾಡುವಾಗ ಶೆಡ್‌ನಲ್ಲಿ ಗಾಳಿ ಆಡುತ್ತಿರಲಿ, ಮುಚ್ಚಳ ಭದ್ರವಾಗಿರಲಿ.

ಆಮೇಲೆ ಎರಡು ದಿನ ಗಾಡಿ ತೆಗೆಯಬೇಡಿ. ಒಂದು ವಾರ ತೊಳೆಯಬೇಡಿ.

ಮಣ್ಣಿಗೆ ಇಳಿದ ಮೇಲೆ

ಟ್ರಿಪ್‌ನಿಂದ ಬಂದ ಮೇಲೆ ಒಣಗಿದ ಮಣ್ಣನ್ನು ಬಟ್ಟೆಯಿಂದ ಉಜ್ಜಬೇಡಿ. ಮೊದಲು ನೀರು ಬಿಟ್ಟು ನೆನೆಸಿ. ಪ್ರೆಷರ್ ವಾಶ್ ಆದರೆ ಕನಿಷ್ಠ ಒಂದು ಅಡಿ ದೂರದಿಂದ, ನೇರವಾಗಿ. ಅಂಚಿನ ಕೆಳಗೆ ಓರೆಯಾಗಿ ನೀರು ನುಗ್ಗಿಸಿದರೆ ಎಂಥ ಹೊದಿಕೆಯೂ ಏಳುತ್ತದೆ. ತೊಳೆಯುವ ಅಂಗಡಿಗೆ ಕೊಡುವಾಗ ಇದನ್ನು ಹತ್ತಿರ ನಿಂತು ಹೇಳಿ.

ನಮ್ಮ ಬೀದಿಗಳ ಮರಗಳ ನೆರಳು ತಂಪು. ಆದರೆ ಅಂಟು, ಹೂವಿನ ರಸ, ಹಕ್ಕಿ ಹಿಕ್ಕೆ ಅದೇ ದಿನ ಒರೆಸದಿದ್ದರೆ ಕಲೆ ಉಳಿಯುತ್ತದೆ. ಪೆಟ್ರೋಲ್ ಚೆಲ್ಲಿದರೆ ತಕ್ಷಣ ತೊಳೆಯಿರಿ. ಬಿಸಿಲಿಗೆ ಮೇಲ್ಮುಖವಾಗಿರುವ ಬಾನೆಟ್‌ನ ಹಾಳೆ ಬಾಗಿಲಿನದಕ್ಕಿಂತ ಬೇಗ ಸೋಲುತ್ತದೆ. ಅದು ಬಿರುಕು ಬಿಡುವವರೆಗೆ ಕಾಯಬೇಡಿ. ಮೆತ್ತಗಿರುವಾಗಲೇ ಹದ ಬಿಸಿ ಮಾಡಿ, ಹಿಂದಕ್ಕೆ ಮಡಚಿದ ಹಾಗೆ ಓರೆಯಾಗಿ ನಿಧಾನಕ್ಕೆ ಎಳೆದರೆ ಅಂಟು ಹಾಳೆಯ ಜೊತೆಗೇ ಬರುತ್ತದೆ.

ಮುಳ್ಳು ಆಳವಾಗಿ ಹರಿದರೆ ಆ ಪ್ಯಾನೆಲ್ ಒಂದನ್ನೇ ತೆಗೆದು ಹೊಸದು ಹಾಕಬಹುದು. ಅದಕ್ಕೇ ಉಳಿದ ಹಾಳೆಯನ್ನು ಮಡಚದೆ, ರೋಲ್ ಮಾಡಿ, ಬಿಸಿಲು ಬೀಳದ ಅಟ್ಟದಲ್ಲಿ ಇಟ್ಟಿದ್ದೇನೆ. ರೋಲ್‌ನ ಒಳಗೆ ಬಣ್ಣದ ಕೋಡ್, ಬ್ಯಾಚ್ ಸಂಖ್ಯೆ, ಕೊಂಡ ತಿಂಗಳು ಬರೆದ ಚೀಟಿ ಇದೆ. ಕಳೆದ ತಿಂಗಳು ಎಡಗಡೆಯ ಫೆಂಡರ್‌ಗೆ ಅದರಿಂದಲೇ ಒಂದು ತುಂಡು ಹಾಕಿದೆ. ಹಳೆಯದಕ್ಕೂ ಹೊಸದಕ್ಕೂ ಬಣ್ಣ ಸರಿಯಾಗಿ ಹೊಂದಿತು.